ತಕಾರದ ಆಸಾಮಿ

ಆ ಪೇಟೆಯಲ್ಲಿ ಬೀಗದಣ್ಣನ ಕೈಗೆ ಮಣಿಯದ ಬೀಗವೆಂದರೆ ಒಂದೇ, ಅವನ ಸ್ವಂತ ಮನೆಯ ಮುಂಬಾಗಿಲಿನದು. ಅದನ್ನು ನಾಳೆ ರಿಪೇರಿ ಮಾಡುತ್ತೇನೆಂದು ಹೇಳತೊಡಗಿ ಮೂರು ತಿಂಗಳಾಗಿತ್ತು. ಮೂವತ್ತು ವರ್ಷ ಮೊಣಕೈ ಚಾಚಲೂ ಜಾಗವಿಲ್ಲದ ಅಂಗಡಿಯಲ್ಲಿ ಕೂತು, ಅರ ಹಿಡಿದು ಕೀಲಿಕೈ ಉಜ್ಜಿದ ವೀರ ಅವನು.

ಹೆಂಡತಿಗೆ ನಿಘಂಟು ಕಚೇರಿಯಲ್ಲಿ ಕೆಲಸ. ಒಂದೊಂದು ಪದಕ್ಕೂ ಬಳಕೆ ತೋರಿಸುವ ವಾಕ್ಯ ಕಟ್ಟಿ ಚೀಟಿಯಲ್ಲಿ ಬರೆಯಬೇಕು. ಮುಗಿಯದ ಚೀಟಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಮನೆಗೆ ಬರುತ್ತಿದ್ದವು. ಒಂದು ಭಾನುವಾರ ಕನ್ನಡಕ ಹುಡುಕುತ್ತ ಬೀಗದಣ್ಣ ಆ ಡಬ್ಬಿ ತೆರೆದ.

‘ತವಕ: ಅವನ ಮುಖವನ್ನು ಇನ್ನೊಮ್ಮೆ ಕಾಣುವ ತವಕದಲ್ಲಿ ಅವಳು ಊಟವನ್ನೂ ಮರೆತಳು.’

ಚೀಟಿಯನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದ. ತನ್ನ ಮುಖವನ್ನು ಇವಳು ದಿನಾ ನೋಡುತ್ತಾಳೆ. ನೋಡುತ್ತಲೇ ಎರಡು ಸಲ ಬಡಿಸಿಕೊಂಡು ಉಣ್ಣುತ್ತಾಳೆ. ಹಾಗಾದರೆ ಈ ‘ಅವನು’ ಯಾವನು?

‘ತಹತಹ: ಅವನ ಬೆರಳು ಸೋಕಿದಂದಿನಿಂದ ಅವಳ ಮನಸ್ಸಿಗೆ ಒಂದೇ ತಹತಹ.’

ಬೆರಳು ಬೇರೆ ಸೋಕಿದೆ!

ಸೋಮವಾರ ಬೀಗದಣ್ಣ ಹತಾರದ ಚೀಲ ಹೆಗಲಿಗೇರಿಸಿ ನಿಘಂಟು ಕಚೇರಿಗೆ ದಂಡಯಾತ್ರೆ ಹೊರಟ. ಬೀರುಗಳ ಬೀಗಕ್ಕೆ ಪುಕ್ಕಟೆ ಎಣ್ಣೆ ಬಿಡುವ ನೆಪ. ಹೆಂಡತಿ ಒಳಕೋಣೆಯಲ್ಲಿದ್ದಳು. ಹೊರಗಿದ್ದ ಗಂಡಸರು ಇಬ್ಬರೇ: ಹಣ್ಣಾದ ಸಂಪಾದಕರು, ಮತ್ತು ಹುರಿಮೀಸೆಯ ಒಬ್ಬ ಟೈಪಿಸ್ಟು. ವಿಚಾರಣೆ ಇಲ್ಲದೆಯೇ ಮೀಸೆಗೆ ಶಿಕ್ಷೆಯಾಯಿತು.

“ಸಾರ್, ತವಕ ಅಂದ್ರೂ ಆತುರ ಅಂದ್ರೂ ಒಂದೇ ಅಲ್ವಾ?” ಎಂದು ಸಂಪಾದಕರನ್ನು ಕೆಣಕಿ ನೋಡಿದ.

“ಎಲ್ಲಿ ಒಂದೇ ರೀ? ಬಸ್ಸು ಹತ್ತೋನಿಗೆ ಆತುರ. ಪಕ್ಕದೋನ ತಟ್ಟೆ ನೋಡೋನಿಗೆ ಹಪಾಹಪಿ. ಬಸ್ಸಿಂದ ಇಳಿಯೋರಲ್ಲಿ ಒಂದೇ ಮುಖ ಹುಡುಕ್ತಾನಲ್ಲ, ಅವನಿಗೆ ತವಕ. ನಿಮ್ಮ ಮನೆಯವರು ಬರೆದದ್ದು ನೋಡಿ! ಅನುಭವಿಸ್ದೆ ಹಾಗೆ ಬರೆಯೋಕಾಗಲ್ಲ.”

ಬೀಗದಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಮೀಸೆಯವನ ಮೇಜಿನ ಖಾನೆಯ ಬೀಗವನ್ನು ಈ ಜನ್ಮದಲ್ಲಿ ತೆರೆಯದಂತೆ ತಿರುಚಿಟ್ಟು ಮನೆಗೆ ಬಂದ.

ಸಂಜೆ ಹೆಂಡತಿ ಚಪ್ಪಲಿ ಬಿಡುವಷ್ಟರಲ್ಲಿ ಯುದ್ಧ ಘೋಷಣೆಯಾಯಿತು.

“ಲೇ, ಯಾರೇ ಅವನು?”

“ಯಾವನ್ರೀ?”

“ತ ಅಕ್ಷರದೋನು! ಬೆರಳು ಸೋಕಿಸ್ದೋನು!”

ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಲದಿಂದ ಒಂದು ಚೀಟಿ ತೆಗೆದು ಮುಂದಿಟ್ಟಳು. “ಇವತ್ತು ಬರ್ದಿದ್ದು. ಓದಿ.”

‘ತುಡಿತ: ಒಂದೇ ಬೀಗಕ್ಕೆ ಏಳನೆಯ ಕೀಲಿಕೈ ಮಾಡಿಸಲು ಬಂದವಳ ತುಡಿತ ಅಂಗಡಿಯವನಿಗೆ ಅರ್ಥವಾಗಲಿಲ್ಲ.’

ಬೀಗದಣ್ಣ ಎರಡು ಸಲ ಓದಿದ. ಇಪ್ಪತ್ತೆರಡು ವರ್ಷದ ಹಿಂದೆ ಎರಡು ಜಡೆಯ ಹುಡುಗಿಯೊಬ್ಬಳು ಏಳು ಸಲ ಅಂಗಡಿಗೆ ಬಂದಿದ್ದಳು. ಏಳು ಸಲವೂ ಅವನು ಕೀಲಿಕೈಯನ್ನು ಅವಳ ಅಂಗೈಗಿಟ್ಟು, “ಜೋಪಾನ ಮಾಡೋದು ಕಲೀರಿ” ಎಂದು ಗದರಿಸಿ ಕಳಿಸಿದ್ದ.

“ಅಯ್ಯೋ, ನೀನು ಕಳ್ಕೋತಿದ್ದೀಯ ಅಂದ್ಕೊಂಡಿದ್ನಲ್ಲೇ!”

“ಏಳೂ ಟ್ರಂಕಲ್ಲಿವೆ, ದಡ್ಡಶಿಖಾಮಣಿ.”

ಹೋದ ಜೀವ ಬಂದಂತಾಯಿತು. ಆದರೆ ಹೊಟ್ಟೆಕಿಚ್ಚು ಆರಲಿಲ್ಲ, ವಿಳಾಸ ಬದಲಿಸಿತು ಅಷ್ಟೆ. ತಲೆತುಂಬ ಕೂದಲಿದ್ದ ಅಂದಿನ ಆ ಅಂಗಡಿಯ ಪೋರನ ಮೇಲೆ ಅವನಿಗೆ ಮೈಯೆಲ್ಲ ಉರಿಯಿತು. ಎದುರಿಗಿದ್ದದ್ದು ಕಾಣದ ಆ ಪೆದ್ದನಿಗೆ ತವಕ, ತಹತಹ, ತುಡಿತ ಮೂರೂ ಸಿಕ್ಕಿವೆ. ತನಗೆ?

“ಈಗಿನ ನನ್ ಬಗ್ಗೆ ಏನೂ ಬರ್ದಿಲ್ವಾ?”

“ಬರ್ದಿದೀನಲ್ಲ. ಡಬ್ಬಿಯಲ್ಲಿ ‘ತಾಳ್ಮೆ’ ನೋಡಿ.”

‘ತಾಳ್ಮೆ: ಮುಂಬಾಗಿಲಿನ ಬೀಗ ರಿಪೇರಿಯಾದೀತೆಂದು ಅವಳು ಮೂರು ತಿಂಗಳಿಂದ ತಾಳ್ಮೆಯಿಂದ ಕಾಯುತ್ತಿದ್ದಾಳೆ.’

ಬೀಗದಣ್ಣ ಒಂದೇ ನೆಗೆತಕ್ಕೆ ಎದ್ದ. ಒಂದು ಕಾಲಿಗೆ ಚಪ್ಪಲಿ, ಕೈಯಲ್ಲಿ ಅರ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಮುಂಬಾಗಿಲಿಗೆ ದಾಳಿಯಿಟ್ಟ. ಹಿಂದಿನಿಂದ ಪೆನ್ನಿನ ಸರಸರ ಕೇಳಿತು.

“ಏನ್ ಬರೀತಿದೀಯ?”

“ತರಾತುರಿ.”

“ತವಕ ಅಂತ ಬರಿಯೇ!”

“ಮೊದ್ಲು ಬೀಗ ಬೀಳ್ಲಿ, ಆಮೇಲೆ ನೋಡೋಣ.”