ಎರಡು ಕಿಟಕಿಯ ಒಪ್ಪಂದ

ಮುಕ್ತ ತಂತ್ರಾಂಶದ ಬಗ್ಗೆ ಮೈಕು ಸಿಕ್ಕರೆ ಬಿಡದೆ ಮಾತಾಡುವವರಲ್ಲಿ ನಾನೂ ಒಬ್ಬ. ಬರೆದದ್ದನ್ನು ಎಲ್ಲರಿಗೂ ಕೊಡಬೇಕು, ಯಾರು ಬೇಕಾದರೂ ತಿದ್ದಬೇಕು ಎನ್ನುತ್ತೇನೆ. ಆದರೆ ನನ್ನ ಪ್ರೋಗ್ರಾಮಿನಿಂದ ಯಾರಾದರೂ ಒಂದು ಅಲ್ಪವಿರಾಮ ತೆಗೆದರೂ ಆ ದಿನ ನನಗೆ ಊಟ ಸೇರುವುದಿಲ್ಲ.

ಫ್ಲಾಪಿಗಳ ಕಾಲ. ಮಣಿಪಾಲದಲ್ಲಿ ನಮ್ಮದೊಂದು ಲಿನಕ್ಸ್ ಬಳಗ, ಕಾರ್ಕಳದಲ್ಲಿ ದಾಮೋದರರದ್ದೊಂದು. ಕಾಪುವಿನ ಒಂದು ಶಾಲೆಗೆ ಎರಡೂ ಬಳಗ ಹತ್ತು ಹತ್ತು ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಕೊಟ್ಟೆವು. ಯಾವುದು ಸರಿಯಿದೆ, ಯಾವುದು ಕೆಟ್ಟಿದೆ ಎಂದು ಟೀಚರ ಮೇಜಿನ ಪರದೆಗೆ ವರದಿ ಕಳಿಸುವ ಪ್ರೋಗ್ರಾಮನ್ನೂ ಬರೆದೆವು, ಬೇರೆ ಬೇರೆಯಾಗಿ. ನಮ್ಮ ವರದಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಉಸಿರು ಬಿಡದೆ ಹೇಳುತ್ತಿತ್ತು. ಅವರದ್ದು ಒಂದು ಸಾಲಿಗೆ ಒಂದೇ ಸಂಗತಿ. ಹಾಗಾಗಿ ಪರದೆಯಲ್ಲಿ ಒಂದೊಂದು ಪದ್ಧತಿಗೆ ಒಂದೊಂದರಂತೆ ಎರಡು ಕಿಟಕಿ: ಎಡಕ್ಕೆ ಮಣಿಪಾಲ, ಬಲಕ್ಕೆ ಕಾರ್ಕಳ.

“ನಾನು ಮಕ್ಕಳನ್ನು ನೋಡುವುದಾ, ಎರಡು ಕಿಟಕಿ ನೋಡುವುದಾ? ಬರುವ ವಾರ ಪ್ರಾಕ್ಟಿಕಲ್ ಪರೀಕ್ಷೆ ಉಂಟು. ಒಂದು ಮಾಡಿ ಕೊಡಿ” ಎಂದರು ಲ್ಯಾಬಿನ ವಿನಯಾ ಟೀಚರ್.

ಒಂದೇ ಪದ್ಧತಿ ನಿಗದಿಪಡಿಸಲು ಉಡುಪಿಯ ಹೋಟೆಲೊಂದರಲ್ಲಿ ಸಭೆ ಸೇರಿದೆವು. ಮೂರು ಸುತ್ತು ಕಾಫಿಯಾಯಿತು, ಬನ್ಸ್ ಖಾಲಿಯಾಯಿತು, ಪದ್ಧತಿ ಆಗಲಿಲ್ಲ. ನಾನು ಸಿಟ್ಟಿನಿಂದ ಎದ್ದು ಬಂದೆ. ಮನೆಯಲ್ಲಿ ಅವರ ವರದಿಯನ್ನು ಮತ್ತೊಮ್ಮೆ ಓದಿದರೆ, ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ನಾಚಿಕೆಯಾಯಿತು. ಯಾರಿಗೂ ಹೇಳದೆ ನಮ್ಮ ಹತ್ತು ಯಂತ್ರಗಳ ಪ್ರೋಗ್ರಾಮನ್ನು ಕಾರ್ಕಳದ ಪದ್ಧತಿಗೆ ತಿರುಗಿಸಿದೆ.

ಸೋಮವಾರ ಮೆಚ್ಚುಗೆ ಸ್ವೀಕರಿಸಲು ಕಾಪುವಿಗೆ ಹೋದೆ. ದಾಮೋದರರೂ ಬಂದಿದ್ದರು, ಅವರ ಕೈಯಲ್ಲೂ ಒಂದು ಫ್ಲಾಪಿ. ಎರಡನ್ನೂ ಹಾಕಿ ಎಲ್ಲ ಯಂತ್ರಗಳನ್ನು ಚಾಲೂ ಮಾಡಿದೆವು. ಪರದೆಯಲ್ಲಿ ಮತ್ತೆ ಎರಡು ಕಿಟಕಿ! ಬಲಕ್ಕೆ ಮಣಿಪಾಲ, ಎಡಕ್ಕೆ ಕಾರ್ಕಳ. ಪುಣ್ಯಾತ್ಮರು ಅವರದ್ದನ್ನು ನಮ್ಮ ಪದ್ಧತಿಗೆ ತಿರುಗಿಸಿ ತಂದಿದ್ದರು.

“ಹಾಗಾದರೆ ನಾವು ಹಳೆಯದಕ್ಕೇ ಹಿಂದಿರುಗುತ್ತೇವೆ” ಎಂದೆ, ಬಹಳ ಔದಾರ್ಯದಿಂದ. ಹಿಂದೆ ಸರಿದರೆ ನನ್ನ ಪದ್ಧತಿಯೇ ಗೆಲ್ಲುತ್ತದೆಂಬುದು ಆಗಲೇ ಹೊಳೆದಿತ್ತು. “ಛೆ ಛೆ, ನಿಮಗೆಂತಕ್ಕೆ ತೊಂದರೆ? ನಾವೇ ಹಿಂದೆ ಹೋಗ್ತೇವೆ” ಎಂದರು ದಾಮೋದರ. ಅವರಿಗೂ ಹೊಳೆದಿತ್ತು.

ಟೀಚರ್ ಇಬ್ಬರನ್ನೂ ನೋಡಿದರು. “ಮೊದಲೇ ಒಂದು ಫೋನ್ ಮಾಡ್ಲಿಕ್ಕೆ ಎಂತ ಆಗಿತ್ತು ಮಾರಾಯ್ರೆ?”

ಏನೂ ಆಗಿರಲಿಲ್ಲ. ಫೋನು ಮಾಡಿದ್ದರೆ, ನಿಮ್ಮದು ನನ್ನದಕ್ಕಿಂತ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು, ಅಷ್ಟೇ. ಪರೀಕ್ಷೆಯ ಮಕ್ಕಳ ಮುಖ ನೆನಪಾಗಿ ಅದನ್ನು ಅಲ್ಲಿಯೇ ಹೇಳಿದೆ, ಗೋಡೆಯ ಕಡೆ ನೋಡುತ್ತ. ದಾಮೋದರ ತಮ್ಮ ಯಂತ್ರಗಳನ್ನು ಹಳೆಯ ಪದ್ಧತಿಗೇ ತಿರುಗಿಸಿದರು, ಖಾಲಿಯಾದ ಕಿಟಕಿಯನ್ನು ಟೀಚರ್ ಮುಚ್ಚಿದರು. ಪರೀಕ್ಷೆ ಸುಸೂತ್ರವಾಗಿ ನಡೆಯಿತು.

ಉಳಿದ ಕಿಟಕಿಯ ಪದ್ಧತಿ ಹೇಗಿತ್ತು ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೇಳಿದರೆ ಅದರ ದೋಷಗಳನ್ನು ಹೇಳಲು ಶುರುಮಾಡುತ್ತೇನೆ.