ರೆಕ್ಕೆಯೊಳಗಿನ ತಂತಿ

ನಮ್ಮಕ್ಕ ಕಲ್ಯಾಣಿ ಯಾರಪ್ಪನ ಮಾತಿಗೂ ಬಗ್ಗುವವಳಲ್ಲ. ಚಿಂತಾಮಣಿಯ ಐಟಿಐನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುತ್ತಲೇ, ದಿಬ್ಬೂರಹಳ್ಳಿಯಲ್ಲಿ ಅಮ್ಮನ ತಮ್ಮ ಎರ್ರಪ್ಪ ಮಾವ ರೇಷ್ಮೆಹುಳು ಸಾಕುತ್ತಿದ್ದ ಖಾಲಿ ಹುಳುಮನೆಯಲ್ಲಿ ಒಬ್ಬರೇ ಕೂರುವ ವಿಮಾನ ಕಟ್ಟಿದಳು. ರೆಕ್ಕೆಗೆ ಬಟ್ಟೆ ಹೊಲಿದದ್ದು ನಮ್ಮಮ್ಮ ಆದಿಲಕ್ಷ್ಮಮ್ಮ. ಊರವರು ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಗುತ್ತಿತ್ತು?

ಆ ಬೇಸಿಗೆಯಲ್ಲಿ ಕೆರೆ ಒಣಗಿ ಅದರ ಅಂಗಳ ಗಟ್ಟಿಯಾಗಿತ್ತು. ಹಾರಿಸಲು ವಿಮಾನವನ್ನು ಅಲ್ಲಿಗೇ ತಳ್ಳಿಕೊಂಡು ಹೋದೆವು. ಮಾವ ಅರ್ಧ ಊರನ್ನೇ ಕರೆತಂದ. "ಇವತ್ತು ಹಾರಿದ್ರೆ ಹುಳುಮನೆ ನಿಂದೇ ಕಣಮ್ಮ. ಇಲ್ಲಾಂದ್ರೆ ನಾಳೆ ಖಾಲಿ ಮಾಡು, ಹುಳು ಬಿಡ್ತೀನಿ" ಅಂದ.

ಎಂಜಿನ್ ಶುರುವಾಯಿತು. ಅದಕ್ಕೆ ಪೆಟ್ರೋಲ್ ತಳ್ಳುವ ಪಂಪಿನ ಫ್ಯೂಸ್ ಸುಟ್ಟಿತು. ಇನ್ನೊಂದು ಹಾಕಿದಳು, ಅದೂ ಸುಟ್ಟಿತು. ಜನ ಕೇಕೆ ಹಾಕಿದರು. ನನಗೆ ಮೈಯೆಲ್ಲ ಉರಿಯಿತು.

ಮಾವ ಜೇಬಿನಿಂದ ತಾಮ್ರದ ಎಳೆ ತೆಗೆದ. ನಮ್ಮ ಕಡೆ ರೇಷ್ಮೆ ನೂಲು ತೆಗೆಯುವವರೆಲ್ಲ ಮಾಡುವುದು ಇದನ್ನೇ. ಮೋಟಾರ್ ನಿಂತರೆ ನೂಲು ಕೆಡುತ್ತದೆಂದು ಫ್ಯೂಸಿನ ಜಾಗಕ್ಕೆ ದಪ್ಪ ಎಳೆ ಸುತ್ತಿಬಿಡುತ್ತಾರೆ.

"ಇದು ಸುಡೋ ಮಾತೇ ಇಲ್ಲ."

"ಅದು ಸುಡಲ್ಲ ಮಾವ, ರೆಕ್ಕೆಯೊಳಗಿನ ತಂತಿ ಸುಡುತ್ತೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು. ಫ್ಯೂಸ್ ಕಾಯೋದು ಪಂಪನ್ನಲ್ಲ, ತಂತೀನ. ಪಂಪು ದೊಡ್ಡದು ಹಾಕಿ ತಂತಿ ಬದಲಾಯಿಸದೆ ಬಿಟ್ಟೆ, ತಪ್ಪು ನಂದೇ. ಮೊದಲು ದಪ್ಪ ತಂತಿ, ಆಮೇಲೆ ಅದು ತಡೆಯೋಷ್ಟೇ ಫ್ಯೂಸ್."

"ಇಷ್ಟು ಜನ ಕಾಯ್ತಿದಾರೆ!"

"ಕಾಯೋರು ಕಾಯ್ಲಿ, ಹೋಗೋರು ಹೋಗ್ಲಿ. ಹಾರೋಳು ನಾನು."

ಆದರೆ ತಂತಿ ಬದಲಿಸಬೇಕೆಂದರೆ ರೆಕ್ಕೆಯ ಬಟ್ಟೆ ಬಿಚ್ಚಬೇಕು. ಅಮ್ಮ ಒಂದು ಚಳಿಗಾಲವಿಡೀ ಕಣ್ಣು ನೋಯಿಸಿಕೊಂಡು ಹೊಲಿದ ಬಟ್ಟೆ ಅದು. ಅಕ್ಕ ಕತ್ತರಿ ಹಿಡಿದಳು, ಕೈ ಮುಂದೆ ಹೋಗಲಿಲ್ಲ. ಊರಿಗೇ ಎದುರು ನಿಂತವಳು ಅಮ್ಮನ ಮುಖ ನೋಡಲಾರದೆ ತಲೆ ತಗ್ಗಿಸಿದಳು. ಅಮ್ಮ ಕತ್ತರಿ ಕಿತ್ತುಕೊಂಡು, ಎಲ್ಲರೆದುರು ರೆಕ್ಕೆಯನ್ನು ಉದ್ದಕ್ಕೂ ಸೀಳಿದಳು.

"ಹೊಲಿದೋಳು ನಾನು. ಮತ್ತೆ ಹೊಲೀತೀನಿ. ನಿಮ್ಮದೇನು?"

ಮಾವ ಆಡಿದ ಮಾತಿನಂತೆಯೇ ಮರುದಿನ ಹುಳು ತಂದ. ವಿಮಾನ ಹುಣಸೆಮರದ ಕೆಳಗೆ ಬಂತು. ಅಲ್ಲೇ ಅಕ್ಕ ತಂತಿ ಎಳೆದಳು, ಅಮ್ಮ ಮತ್ತೆ ಸೂಜಿ ಹಿಡಿದಳು.

ಮುಂಗಾರಿಗೆ ಮುಂಚೆ ಒಂದು ಬೆಳಗ್ಗೆ, ಯಾರನ್ನೂ ಕರೆಯದೆ, ಅಕ್ಕ ಕೆರೆಯಂಗಳದಿಂದ ಮೇಲೆದ್ದಳು. ಸದ್ದು ಕೇಳಿ ಮಾವ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹೊತ್ತುಕೊಂಡೇ ಓಡಿಬಂದ.

"ಅಕ್ಕಾ, ಹುಡುಗಿ ಇಳೀತಾಳೇನೇ?"

ಅಮ್ಮ ಆಕಾಶದಿಂದ ಕಣ್ಣು ತೆಗೆಯಲಿಲ್ಲ.

"ಇಳೀತಾಳೆ. ಅದಕ್ಕೇ ಕಣೋ ಬಟ್ಟೆ ಸೀಳಿದ್ದು."