ಚಿಕ್ಕಪ್ಪನ ಮೊಪೆಡ್ ಮಾರಾಟ

ಊರವರ ಬೀಗಗಳನ್ನೆಲ್ಲ ರಿಪೇರಿ ಮಾಡುವ ನನ್ನ ಚಿಕ್ಕಪ್ಪನ ಮೊಪೆಡ್ ಮಾತ್ರ ಹೇರ್‌ಪಿನ್ ತೂರಿಸಿದರೂ ಸ್ಟಾರ್ಟ್ ಆಗುತ್ತದೆ. ಒಮ್ಮೆ ಕಳ್ಳನೊಬ್ಬ ಅದನ್ನು ಎರಡು ಬೀದಿ ಓಡಿಸಿ, ಬೇಸತ್ತು, ಗೋಡೆಗೆ ಒರಗಿಸಿಟ್ಟು ನಡೆದುಕೊಂಡೇ ಪರಾರಿಯಾದ. ಬಿಟ್ಟುಹೋದನಲ್ಲ ಎಂದು ಚಿಕ್ಕಪ್ಪನಿಗೆ ಅವನ ಮೇಲೆ ಇವತ್ತಿಗೂ ಸಿಟ್ಟು.

ಗಾಡಿ ನಿಲ್ಲಿಸದೆಯೇ ದಾರಿಯಲ್ಲಿ ಸಿಕ್ಕವರ ಮಂಡಿನೋವು, ಮಕ್ಕಳ ಪರೀಕ್ಷೆ ಎಲ್ಲ ವಿಚಾರಿಸಿ, ಉತ್ತರವನ್ನೂ ಪೂರ್ತಿ ಕೇಳಿಸಿಕೊಳ್ಳಬಹುದು. ಅಂಥ ಸುಖ ಯಾವ ಕಾರಿನಲ್ಲಿದೆ? ಆದರೆ ಚಿಕ್ಕಪ್ಪನ ಬೀಗದ ಅಂಗಡಿಯ ದಾರಿಯಲ್ಲೊಂದು ಏರು ಇದೆ. ಅಲ್ಲಿ ಚಿಕ್ಕಮ್ಮ ಇಳಿದು ತಳ್ಳಬೇಕು. ಹನ್ನೊಂದು ವರ್ಷ ತಳ್ಳಿದ ಮೇಲೆ ಅವರು ಪಟ್ಟು ಹಿಡಿದರು.

"ಈ ಭಾನುವಾರ ಇದು ಹೋಗ್ಲೇಬೇಕು. ಇಲ್ಲಾಂದ್ರೆ ನಾನು ಅಂಗಡಿಗೆ ಬರಲ್ಲ, ನೀವುಂಟು ನಿಮ್ಮ ಗಾಡಿಯುಂಟು."

ಭಾನುವಾರ ಪಕ್ಕದ ಬೀದಿಯ ಟೈಲರ್ ನೋಡಲು ಬಂದರು. ಚಿಕ್ಕಪ್ಪನಿಗೆ ಗಾಡಿ ಬಿಟ್ಟುಕೊಡಲು ಮನಸ್ಸಿಲ್ಲ. ದೋಷಗಳನ್ನೆಲ್ಲ ಹೇಳಿ ಅವರನ್ನು ಓಡಿಸುವ ಉಪಾಯ ಹೂಡಿದರು.

"ಬ್ರೇಕ್ ಹಿಡಿದ್ರೆ ಮೂರನೇ ಮನೆ ಹತ್ರ ನಿಲ್ಲುತ್ತೆ. ಆದ್ರೆ ನಿಲ್ಲುತ್ತೆ, ಒಂದಿನಾನೂ ಮೋಸ ಮಾಡಿಲ್ಲ! ಹಾರ್ನ್ ಇಲ್ಲ. ಬೇಕಾಗೂ ಇಲ್ಲ ಬಿಡಿ, ಇದರ ಸದ್ದು ಕೇಳಿದ್ಮೇಲೆ ಜನ ಬಟ್ಟೆ ಒಣಹಾಕಿ ಬಂದೂ ದಾರಿ ಬಿಡಬಹುದು."

ಒಂದೊಂದು ದೋಷ ಹೇಳುವಾಗಲೂ ಚಿಕ್ಕಪ್ಪನ ಮುಖ ಅರಳುತ್ತಿತ್ತು. ಹತ್ತನೆಯದಕ್ಕೆ ಟೈಲರ್ ಮನಸೋತರು.

"ನಂಗೆ ಇದೇ ಬೇಕು. ಒಂದ್ ರೌಂಡ್ ಹೋಗ್ಬರ್ಲಾ?"

ಅವರು ಹೊರಟರು. ಚಿಕ್ಕಪ್ಪ ಪಕ್ಕದಲ್ಲೇ ನಡೆಯುತ್ತ, "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರು. ವ್ಯಾಪಾರ ಕೈತಪ್ಪದಿರಲಿ ಎಂದು ಚಿಕ್ಕಮ್ಮನೂ ಹಿಂದೆಯೇ ಬಂದರು. ತಮಾಷೆ ನೋಡಲು ನಾನೂ.

ಏರಿನಲ್ಲಿ ಮೊಪೆಡ್ ಏದುಸಿರು ಬಿಡತೊಡಗಿತು. ಚಿಕ್ಕಪ್ಪ ಸುಮ್ಮನೆ ಕೈಕಟ್ಟಿ ನಿಂತಿದ್ದರೆ ಸಾಕಿತ್ತು, ವ್ಯಾಪಾರ ಅಲ್ಲೇ ಮುರಿಯುತ್ತಿತ್ತು. ಆದರೆ ಅದರ ಸಂಕಟ ನೋಡಲಾರದೆ ಹಿಂದೆ ಹೋಗಿ, ಕ್ಯಾರಿಯರ್ ಹಿಡಿದು ತಳ್ಳಿಬಿಟ್ಟರು.

"ಏನ್ ಗಾಡಿ ಸ್ವಾಮಿ! ಏರು ಅನ್ನೋದೇ ಗೊತ್ತಾಗ್ಲಿಲ್ಲ!" ಮೇಲೆ ತಲುಪಿದ ಟೈಲರ್ ಜೇಬಿಗೆ ಕೈ ಹಾಕಿದರು.

ಚಿಕ್ಕಪ್ಪನಿಗೆ ಅಳುವೇ ಬಂತು. ಮುಖ ಮರೆಸಲು ಪಕ್ಕಕ್ಕೆ ತಿರುಗಿದರೆ, ಕ್ಯಾರಿಯರ್‌ನ ಇನ್ನೊಂದು ತುದಿ ಹಿಡಿದು ಚಿಕ್ಕಮ್ಮ ಏದುತ್ತಿದ್ದರು.

"ನೀನ್ಯಾಕೆ ತಳ್ದೆ?"

ಚಿಕ್ಕಮ್ಮ ತಮ್ಮ ಕೈಗಳನ್ನೇ ಒಮ್ಮೆ ನೋಡಿಕೊಂಡರು. ಆಮೇಲೆ ಟೈಲರ್ ಕಡೆ ತಿರುಗಿದರು.

"ಅಣ್ಣಾ, ನಿಮ್ಮನೇಲಿ ಇದನ್ನ ತಳ್ಳೋರು ಯಾರಿದ್ದಾರೆ?"

"ಯಾರೂ ಇಲ್ವಲ್ಲಮ್ಮ, ನಾನೊಬ್ನೇ."

"ಹಾಗಾದ್ರೆ ಇಳೀರಿ."